ನಡಾವಳಿಗೆ ಸೇರದ್ದು

ಗುರುವಾರ, ಸಂಜೆ ಆರೂವರೆ.
ಒಹಾಯೊ ನದಿಯ ದಡದ ಬಕ್‌ಹಾರ್ನ್ ಕೌಂಟಿ.
ನಾನಿಲ್ಲಿ ಗುಮಾಸ್ತೆ. ನನ್ನ ಕೆಲಸ ಬರೆಯುವುದು:
ಯಾರು ಮಂಡಿಸಿದರು, ಯಾರು ಅನುಮೋದಿಸಿದರು,
ಎಷ್ಟು ಕೈ ಎದ್ದವು.
ಕೆಮ್ಮನ್ನು ಬರೆಯುವಂತಿಲ್ಲ.
ಯಾರೋ ಕೆಮ್ಮಿದಾಗ ಇಡೀ ಸಭಾಂಗಣ
ಈಗಲೂ ಒಂದು ಚಣ ಉಸಿರು ಹಿಡಿಯುವುದನ್ನೂ.

ಮೇಜಿನ ಮೇಲೊಂದು ಪುಟ್ಟ ದೀಪ,
ಹಸಿರು, ಹಳದಿ, ಕೆಂಪು.
ತಲೆಗೆ ಮೂರು ನಿಮಿಷ.

ವಾಷಿಂಗ್ಟನ್ನಿನಿಂದ ಬಂದ ಚೇತರಿಕೆಯ ಹಣ.
ಸೇತುವೆಗೆ ಹೋಯಿತು, ಚರಂಡಿಗೆ ಹೋಯಿತು,
ಷೆರಿಫನ ಎರಡು ಹೊಸ ಕಾರಿಗೆ ಹೋಯಿತು.
ತಳದಲ್ಲಿ ಉಳಿದದ್ದು ಎರಡು ಲಕ್ಷ ಡಾಲರು,
ಕೈಚಾಚಿದ ಸಂಸ್ಥೆಗಳು ಮೂವತ್ತೊಂದು.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ;
ಆ ಮಜ್ಜಿಗೆಗೂ ಅರ್ಜಿ ಹದಿನಾಲ್ಕು ಪುಟ.

ಮೊದಲು ಎದ್ದವಳು ವರ್ನಾ ಸ್ಟಿಡಮ್,
ಚರ್ಚಿನ ನೆಲಮಾಳಿಗೆಯಲ್ಲಿ
ಶನಿವಾರ ಶನಿವಾರ ದಿನಸಿ ಹಂಚುವವಳು.
ಬರೆದು ತಂದ ಭಾಷಣ ಮಡಿಸಿಟ್ಟು
ಫ್ರೀಜರಿನ ಕತೆ ಹೇಳಿದಳು:
ಬಾಗಿಲು ನಿಲ್ಲುವುದಿಲ್ಲ, ಸೈಕಲ್ ಟ್ಯೂಬಿನಲ್ಲಿ ಬಿಗಿದಿದ್ದೇವೆ.
ರಾತ್ರಿ ಎರಡಕ್ಕೆದ್ದು ಹೋಗಿ ಮುಟ್ಟಿ ನೋಡುತ್ತೇನೆ,
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ.
ತಣ್ಣಗಿದ್ದರೆ ನನಗೆ ನಿದ್ದೆ.

ಅರ್ಜಿಯ ಒಂಬತ್ತನೇ ಪ್ರಶ್ನೆ:
ಮಹಾಮಾರಿಯಿಂದ ಸಂಸ್ಥೆಗಾದ ನಷ್ಟ, ಅಂಕಿಯಲ್ಲಿ.
ಡಾಲರಿನ ಗುರುತಿನ ಮುಂದೆ ವರ್ನಾ
'ಒಂದು' ಎಂದು ಬರೆದಿದ್ದಳು. ಅಷ್ಟೇ.
ಆ ಒಂದು, ಆರ್ಲಿಸ್. ವ್ಯಾನ್ ಓಡಿಸುತ್ತಿದ್ದವನು.
ಮೆಟ್ಟಿಲ ಮೇಲೆ ಚೀಲವಿಟ್ಟು, ಬಾಗಿಲು ತಟ್ಟಿ,
ಆರಡಿ ಹಿಂದೆ ಸರಿದು
ಟೋಪಿ ಎತ್ತುತ್ತಿದ್ದವನು.
ನನ್ನ ಅಮ್ಮನ ಬಾಗಿಲನ್ನೂ ತಟ್ಟಿದ್ದ.
'ಅಪೂರ್ಣ' ಎಂದು ಮುದ್ರೆಯೊತ್ತಿ
ಆ ಅರ್ಜಿಯನ್ನು ವಾಪಸು ಕಳಿಸಿದವಳು ನಾನು.
ಎರಡನೆಯ ಸಲ ಸರಿಯಾಗಿ ಬಂತು:
ಪೆಟ್ರೋಲು, ಕೈಗವಸು, ಸಾಬೂನು,
ಆರು ಸಾವಿರದ ಇನ್ನೂರ ನಲವತ್ತು.

ಆಮೇಲೆ ಇಗ್ನಾಸಿಯಾ ಟ್ಸುಲ್.
ಕೋಳಿ ಕಾರ್ಖಾನೆಯ ಕೂಲಿಗಳಿಗೂ ಆಸ್ಪತ್ರೆಗೂ ನಡುವೆ
ಮಾತು ದಾಟಿಸುವವಳು.
'ನಿಮ್ಮ ಸಂಸ್ಥೆಯ ಕಚೇರಿ ಎಲ್ಲಿದೆ?'
ಕನ್ನಡಕದ ಮೇಲಿಂದ ಕೇಳಿದರು ಕಮಿಷನರ್ ಹಫ್.
ಅವಳು ಫೋನು ಎತ್ತಿ ತೋರಿಸಿದಳು.
ತೋರಿಸುತ್ತಿದ್ದಂತೆ ಅದು ಗುಂಯ್ಗುಟ್ಟಿತು.
ತಪ್ಪು ತಿಳಿಯಬೇಡಿ ಎಂದು ಹೊರಗೆ ಓಡಿದಳು.
ಖಾಲಿ ಮೈಕಿನ ಮುಂದೆ
ಅವಳ ಎರಡು ನಿಮಿಷ ತನ್ನಷ್ಟಕ್ಕೆ ಸಂದಿತು:
ಹಸಿರು, ಹಳದಿ, ಕೆಂಪು.
ಆ ದೀಪವನ್ನು ಆರಿಸುವ ಗುಂಡಿ
ನನ್ನ ಬೆರಳಡಿಯಲ್ಲೇ ಇತ್ತು.

ಹಫ್ ಗಂಟಲು ಸರಿಮಾಡಿಕೊಂಡರು.
'ಇದು ಒಂದೇ ಸಲದ ಹಣ. ಯಾರೂ
ಅಭ್ಯಾಸ ಮಾಡಿಕೊಳ್ಳಬೇಡಿ.'
ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.
ಹಸಿವಿಗೆ ಇದು ಗೊತ್ತಿಲ್ಲ ಸ್ವಾಮಿ, ಎಂದಂತಿತ್ತು ಆ ನಗು.
ನಾನು ಬರೆದೆ: ಚರ್ಚೆ ನಡೆಯಿತು.

ಪರ ಎರಡು, ವಿರೋಧ ಒಂದು.
ದಿನಸಿಗೆ ಹದಿನೆಂಟು ಸಾವಿರ ಕೇಳಿದ್ದರು, ಏಳು ಸಿಕ್ಕಿತು.
ರಸೀದಿಗಳನ್ನು ಐದು ವರ್ಷ ಜೋಪಾನ ಮಾಡಬೇಕು.
(ಆ ಫ್ರೀಜರು ಐದು ವಾರ ಬಾಳಲಿ, ಸಾಕು.)
ಟ್ಸುಲ್ ಅವರ ಅರ್ಜಿ, ಅರ್ಜಿದಾರರ ಗೈರುಹಾಜರಿಯಿಂದ,
ಮುಂದೂಡಲಾಗಿದೆ.

ಎಂಟು ಹತ್ತಕ್ಕೆ ಸಭೆ ಮುಗಿಯಿತು.
ಕುರ್ಚಿ ಮಡಚಿ, ದೀಪದ ತಂತಿ ಸುತ್ತಿ,
ಬೀಗದ ಕೈ ಹಿಡಿದು ಹೊರಬಂದೆ.
ಓಣಿಯ ಕೊನೆಯಲ್ಲಿ, ನೀರಿನ ನಲ್ಲಿಯ ಪಕ್ಕ,
ಇಗ್ನಾಸಿಯಾ ನೆಲದ ಮೇಲೆ ಕೂತಿದ್ದಳು, ಫೋನು ಕಿವಿಗೆ.
ಅವಳ ಭಾಷೆ ನನಗೆ ಬಾರದು.
ಆದರೆ ತನ್ನದೇ ಪಕ್ಕೆಯ ಮೇಲೆ ಅಂಗೈ ಇಟ್ಟು
ಏನೋ ಕೇಳಿದಳು, ಕಾದಳು,
ಕೈಯನ್ನು ಒಂದು ಎಲುಬು ಕೆಳಗೆ ಸರಿಸಿ
ಮತ್ತೆ ಕೇಳಿದಳು.

ಎಂಟೂವರೆಗೆ ಕಟ್ಟಡಕ್ಕೆ ಬೀಗ ಬೀಳಬೇಕು, ನಿಯಮ.
ಗೋಡೆಗೊರಗಿ ನಿಂತೆ.
ಒಂಬತ್ತಾಯಿತು.