ಬೆನ್ನಿನ ದೀಪ

ನವೆಂಬರ್ ಬಂತೆಂದರೆ ಗ್ಯಾರೇಜಿಗೆ ಬಂದು ಕೇಳುತ್ತಾರೆ:
ಮಂಜಿನ ದೀಪ ಹಾಕಿಸಲೋ ಬೇಡವೋ?
ದಾರಿಯಲ್ಲಿ ಸಿಕ್ಕ ಪಾದ್ರಿಯನ್ನು ನಿಲ್ಲಿಸಿ
ಮದುವೆಯಾಗಲೋ ಬೇಡವೋ ಎಂದು ಕೇಳುವ ಹಾಗೆ.
ನಾನು ಎಣ್ಣೆಗೈ ಒರೆಸಿಕೊಳ್ಳುತ್ತೇನೆ.
ದುಡ್ಡಿನ ಲೆಕ್ಕವಾದರೆ ಸುಲಭ:
ಎರಡು ದೀಪ, ಮೂರು ಮಾರು ತಂತಿ, ಒಂದು ಸ್ವಿಚ್ಚು, ಅರ್ಧ ದಿನದ ಕೂಲಿ.

ಪೋ ನದಿಯ ಈ ಬಯಲಲ್ಲಿ ಮಂಜು ನೆಲದಿಂದ ಏಳುತ್ತದೆ.
ಉತ್ತ ಹೊಲದಿಂದ, ಕಾಲುವೆಯಿಂದ, ಹಂದಿದೊಡ್ಡಿಯ ಹಿಂದಿನ ಗುಂಡಿಯಿಂದ
ಒಲೆಯ ಮೇಲೆ ಮರೆತ ಹಾಲಿನಂತೆ ಉಕ್ಕಿ
ಮೊದಲು ಬೇಲಿಯನ್ನು ನುಂಗುತ್ತದೆ,
ಆಮೇಲೆ ಪಾಪ್ಲರ್ ಮರಗಳ ಸಾಲು, ಆಮೇಲೆ ಇಗರ್ಜಿಯ ಗಂಟೆಗೋಪುರ,
ಕೊನೆಗೆ ನಿಮ್ಮದೇ ಗಾಡಿಯ ಮೂತಿ.
ಹೊಸಬರು ಹೆದರಿ ಹೈಬೀಮ್ ಹಾಕುತ್ತಾರೆ.
ಬೆಳಕು ಹೋದ ವೇಗದಲ್ಲೇ ತಿರುಗಿ ಬಂದು
ಮುಖಕ್ಕೆ ಸುಣ್ಣ ಬಳಿಯುತ್ತದೆ.

ಮಂಜಿನ ದೀಪಕ್ಕೆ ಅಷ್ಟು ದೂರದ ಆಸೆಯಿಲ್ಲ.
ಬಂಪರಿನಡಿ, ಮೊಣಕಾಲಿಗಿಂತ ಕೆಳಗೆ,
ತಲೆ ತಗ್ಗಿಸಿ ಕೂತಿರುತ್ತದೆ.
ರಸ್ತೆಯಂಚಿನ ಬಿಳಿಗೆರೆ, ಗೆರೆಯಾಚೆ ಹುಲ್ಲು,
ಹುಲ್ಲಿನಾಚೆ ಬಾಯಿ ತೆರೆದ ಕಾಲುವೆ
ಇಷ್ಟು ತೋರಿಸಿದರೆ ಅದರ ಕೆಲಸ ಮುಗಿಯಿತು.
ಹತ್ತು ಮಾರು. ಮತ್ತೆ ಹತ್ತು ಮಾರು.
ನನ್ನಜ್ಜಿ ಜಪಮಾಲೆ ಎಣಿಸುತ್ತಿದ್ದುದೂ ಹೀಗೇ.

ಹಿಂದಿನ ಕೆಂಪು ಮಂಜುದೀಪದ ಮಾತು ಬೇರೆ.
ಪಾದ್ರಿ ಅರಿಯಾಲ್ದೋ ಅದನ್ನು ಡಿಸೆಂಬರಿನಲ್ಲಿ ಹೊತ್ತಿಸಿದರೆ
ಆರಿಸುವುದು ಈಸ್ಟರ್ ಕಳೆದ ಮೇಲೆ.
ತಿಳಿ ರಾತ್ರಿಯಲ್ಲಿ ಅವರ ಹಿಂದೆ ಹೋಗುವವರೆಲ್ಲ
ಕಣ್ಣುಜ್ಜಿಕೊಂಡು ಅವರ ದೇವರನ್ನೇ ಬೈಯುತ್ತಾರೆ.

ಹಗಲುದೀಪವನ್ನೂ ನಾನು ಹಳಿಯಲಾರೆ.
ಜೂನಿನಲ್ಲಿ ಒಮ್ಮೆ, ನದಿಯ ಏರಿಯ ಮೇಲೆ,
ಟ್ರ್ಯಾಕ್ಟರನ್ನು ಹಿಂದಿಕ್ಕಲು ಸ್ಟೀರಿಂಗ್ ತಿರುಗಿಸಿದ್ದೆ.
ಮರಗಳ ನೆರಳಲ್ಲಿ ಎರಡು ಬಿಳಿ ಚುಕ್ಕೆ.
ಕಾರು ಕಂಡದ್ದು ಆಮೇಲೆ.
ಅವನಿಗೆ ಆ ದೀಪದಿಂದ ಏನೂ ಕಂಡಿರಲಿಕ್ಕಿಲ್ಲ, ನನಗೆ ಅವನು ಕಂಡ.
ನಾನು ಇನ್ನೂ ಇದ್ದೇನಲ್ಲ.

ಆದರೆ ಹೇಳಹೊರಟದ್ದು ನಿವೆಸಳ ಸಂಗತಿ.
ಹದಿನಾಲ್ಕು ಕೊಟ್ಟಿಗೆ ಸುತ್ತಿ, ಟ್ಯಾಂಕರಿನಲ್ಲಿ ಹಾಲು ತುಂಬಿ,
ಚೀಸಿನವರ ತಾಮ್ರದ ಕಡಾಯಿಗೆ ಮುಟ್ಟಿಸುವವಳು.
ಕಣ್ಣು ಕಾಯುವ ಸಂತ ಲೂಚಿಯಾಳ ಹಬ್ಬದ ಮರುದಿನ,
ಬೆಳಗಿನ ಎಂಟು ಗಂಟೆ, ಹಾಲುಬಿಳುಪಿನ ಕುರುಡು.
ಮುಂದೆ ಒಂದು ಬೂದು ಕಾರು. ಮಂಜೂ ಬೂದು.
ಆ ಕಾರಿನ ಮುಂದೆ ಹಗಲುದೀಪ ಹುಬ್ಬಿನಂತೆ ಬೆಳಗಿತ್ತಂತೆ,
ಹಿಂದೆ ಒಂದು ಕಿಡಿಯೂ ಇಲ್ಲ.
ಸೆನ್ಸರಿಗೆ ಮಂಜು ಹಗಲಾಗಿ ಕಂಡಿತ್ತು,
ಒಳಗೆ ಕೂತವನಿಗೆ ಎದುರೆಲ್ಲ ಬೆಳ್ಳಗೆ.
ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ;
ಇದರದ್ದು ಬೆನ್ನಲ್ಲಿ.

ನಿವೆಸ್ ಬ್ರೇಕ್ ಒತ್ತಿದಳು.
ಲಾರಿ ನಿಲ್ಲಲು ಒಪ್ಪಿತು, ಹಾಲು ಒಪ್ಪಲಿಲ್ಲ.
ಒಂಬತ್ತು ಸಾವಿರ ಲೀಟರು ಹಿಂದಿನಿಂದ ಎದ್ದು ಬಂದು
ಅವಳ ಬೆನ್ನಿಗೆ ಗುದ್ದಿತು.
ಮಂಜುದೀಪ ತೋರಿಸಿದ ಬಿಳಿಗೆರೆಯನ್ನೇ ಹಿಡಿದು,
ಹೊಲಕ್ಕೆ ಹೋಗುವ ಪುಟ್ಟ ಸೇತುವೆಯ ಕಡೆಗೆ ಹೊರಳಿಸಿದಳು.
ಕಂಬ ಅವಳ ಕನ್ನಡಿ ಕಿತ್ತುಕೊಂಡಿತು, ಅಷ್ಟೆ.
ಬೂದು ಕಾರು ತನ್ನ ಪಾಡಿಗೆ ಕಚೇರಿಗೆ ಹೋಯಿತು.

ಮುರಿದ ಕನ್ನಡಿಯನ್ನು ಕಂಕುಳಲ್ಲಿ ಹಿಡಿದು ಬಂದಳು,
ಇಡೀ ಊರನ್ನು ಬೈದಳು. ಕಾರಿನ ಹಿಂದಿನ ಗಾಜಿನಲ್ಲಿ
ದೋಣಿ ಕ್ಲಬ್ಬಿನ ಹಸಿರು ಚೀಟಿ ಇತ್ತು, ಎಂದಳು.

ಆ ಚೀಟಿ ನನಗೆ ಗೊತ್ತು. ಸರ್ವೇಯರ್ ಎವರಿಸ್ತೋನದು.
ಹಿಂದಿನ ವಾರವಷ್ಟೇ ಕೀ ಕೈಗಿಟ್ಟು ಹೇಳಿದ್ದೆ:
ನೀವೇನೂ ಮುಟ್ಟಬೇಡಿ, ಎಲ್ಲ ತಾನೇ ಹತ್ತುತ್ತದೆ.

ಈಗ ಯಾರೇ ಬಂದರೂ ಎಂಜಿನ್ ಚಾಲೂ ಮಾಡಿಸಿ
ಕೆಳಗಿಳಿಸುತ್ತೇನೆ.
ಹಿಂದೆ ಬಂದು ನಿಂತು ನೋಡಿ, ಅನ್ನುತ್ತೇನೆ.
ಕೆಲವರು ನಗುತ್ತಾರೆ. ಎವರಿಸ್ತೋ ಮಾತ್ರ ನಗಲಿಲ್ಲ,
ಚಳಿ ಎಂದು ಬೇಗ ಒಳಗೆ ಕೂತ.

ನಿವೆಸಳ ಕನ್ನಡಿಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.
ಯಾಕೆ, ಎಂದಳು.
ಮಂಜು, ಎಂದೆ.