ಕೊಸರು

ಕುತಾಯಿಸಿಯ ಬಜಾರಿನ ಹಿಂದೆ, ಮೆಟ್ಟಿಲ ಕೆಳಗೆ,
ನುಕ್ರಿಯ ಅಂಗಡಿ. ಒಂದು ಕಂಪ್ಯೂಟರು, ಒಂದು ಸೀಮೆಎಣ್ಣೆ ಒಲೆ,
ಗೋಡೆಗೊಂದು ರಟ್ಟು: ಕ್ಯಾಸೆಟ್ಟಿನಿಂದ ಸೀಡಿಗೆ. ಸಾಲ ಇಲ್ಲ.
ನಾನು ಅವನ ಕೈಯಾಳು, ನನಗಾಗ ಹದಿನೈದು.
ಕರೆಂಟು ಬರುತ್ತಿದ್ದದ್ದು ಸಂಜೆ ಆರಕ್ಕೆ,
ಹೋಗುತ್ತಿದ್ದದ್ದು ಅದರ ಮರ್ಜಿಗೆ.

ಲಮಾರಾ ಬಂದದ್ದು ಜನವರಿಯಲ್ಲಿ,
ಬೂಟಿನ ಹಿಮ ಕೊಡವದೆ ನೇರ ಒಳಕ್ಕೆ.
ಕರವಸ್ತ್ರದಲ್ಲಿ ಸುತ್ತಿದ ಕ್ಯಾಸೆಟ್ಟು.
ಅಣ್ಣ ವಲೇರಿಯಾನನ ಕೊನೆಯ ಔತಣ. ಅವನೇ ತಮಾದ,
ಒಂದೊಂದು ಬಟ್ಟಲಿಗೂ ಒಂದೊಂದು ಮಾತು
ಎತ್ತಿ ಹಿಡಿಯುವವನು.

ನುಕ್ರಿ ಎರಡೂ ಬದಿ ಕೇಳಿ ಚೀಟಿಯಲ್ಲಿ ಬರೆದ:
ಎಂಬತ್ತೊಂದು ನಿಮಿಷ, ನಲವತ್ತೇಳು ಸೆಕೆಂಡು.
ಡಿಸ್ಕಿನ ಮೈಮೇಲೆ ಅಚ್ಚಾಗಿದ್ದದ್ದು ಎಂಬತ್ತು.

"ಕೆಮ್ಮು ತೆಗೆದರೆ ಒಂದು ನಿಮಿಷ ಉಳಿಯುತ್ತೆ."
"ಕೆಮ್ಮೇ ಅವನು."
"ಮಾತಿನ ನಡುವಿನ ಮೌನ?"
"ಆಗ ಅವನು ನನ್ನ ಕಡೆ ನೋಡ್ತಿದ್ದ."
"ಹಾಗಾದರೆ ಎರಡು ಡಿಸ್ಕು."
"ಊಟದ ಮೇಜಿಗೆ ಗರಗಸ ಹಾಕಿ
ಎರಡು ಕೋಣೇಲಿ ಇಡ್ತಾರೇನಯ್ಯ?"

ಅವಳು ಹೋದ ಮೇಲೆ ನುಕ್ರಿ ನನಗೆ ಹೇಳಿದ,
ಬೆರಳ ತುದಿಯಲ್ಲಿ ಖಾಲಿ ಡಿಸ್ಕು ತಿರುಗಿಸುತ್ತ:
ಬರಹ ಹೊಕ್ಕುಳಿಂದ ಶುರು,
ಸುತ್ತಿ ಸುತ್ತಿ ಹೊರಗೆ ಹೋಗುತ್ತೆ.
ಅಂಚಿನಲ್ಲೊಂದಿಷ್ಟು ಬೀಳು ಬಿಟ್ಟಿರುತ್ತಾರೆ,
ಓದುವ ಕಣ್ಣಿಗೆ ಇಲ್ಲಿಗೆ ಮುಗಿಯಿತೆಂದು ಹೇಳಲು.
ಅಲ್ಲೂ ಬಣ್ಣ ಬಳಿದಿದೆ. ಅಲ್ಲೂ ಸುಡಬಹುದು.
ಯಾವ ಕಾರ್ಖಾನೆಯ ಯಾವ ದಿನದ ಮಾಲೋ ಅದರ ಮೇಲೆ
ಒಂದರಲ್ಲಿ ಅರ್ಧ ನಿಮಿಷ, ಇನ್ನೊಂದರಲ್ಲಿ ಎರಡು.
ಜಾಮೀನು ಮಾತ್ರ ಯಾರೂ ನಿಲ್ಲುವುದಿಲ್ಲ.

ನನಗೆ ನೆನಪಾದದ್ದು ಬಜಾರಿನ ಮ್ಜೆವಿನಾರ್.
ಅಕ್ರೋಟು ತೂಗಿ, ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೂ
ಮತ್ತೆರಡು ಎಸೆಯುತ್ತಿದ್ದಳು ಚೀಲಕ್ಕೆ. ಕೊಸರು.
ಲೆಕ್ಕದಲ್ಲಿಲ್ಲ ಅದು. ಆದರೆ ಅದು ಬೀಳುವ ತನಕ
ಯಾರೂ ಅವಳ ಮುಂದಿಂದ ಕದಲುತ್ತಿರಲಿಲ್ಲ.
ಆ ಎರಡರಲ್ಲಿ ಒಂದು ಸಾಮಾನ್ಯವಾಗಿ
ಜೊಳ್ಳು.

ಮೊದಲ ಡಿಸ್ಕು ಎಂಬತ್ತು ದಾಟಿ ಹತ್ತು ಸೆಕೆಂಡಿಗೆ ಕೈಕೊಟ್ಟಿತು.
ಎರಡನೆಯದು ಅರ್ಧದಲ್ಲಿದ್ದಾಗ ಊರೇ ಕತ್ತಲಾಯಿತು.
ಮೂರನೆಯದು ಟ್ರಾಬ್ಜೋನಿನ ವ್ಯಾಪಾರಿ ತಂದ ಹೆಸರಿಲ್ಲದ ಬಿಳಿ ಡಿಸ್ಕು.

ಜಾಗ ಸಾಲದು, ಆದರೂ ಮುಂದುವರಿಸಲೇ? ಕೇಳಿತು ತೆರೆ.
ನುಕ್ರಿ ಎದೆಯ ಮೇಲೆ ಶಿಲುಬೆ ಬರೆದುಕೊಂಡು
ಹೂಂ ಒತ್ತಿದ.
ನಾಲ್ಕು ಪಟ್ಟು ವೇಗ, ಅಷ್ಟೇ. ಆತುರಗಾರನಿಗೆ ಬುದ್ಧಿ ಮಟ್ಟ.
ಇಪ್ಪತ್ತು ನಿಮಿಷ ನಾವಿಬ್ಬರೂ
ಮೇಜಿಗೆ ಮೊಣಕೈ ತಾಗಿಸಲಿಲ್ಲ.
ಹೊರಗೆ ಹದಿಮೂರು ಸೀಟಿನ ವ್ಯಾನು
ಹತ್ತೊಂಬತ್ತು ಜನರನ್ನು ಹೊತ್ತು ಏರು ಹತ್ತುತ್ತಿತ್ತು, ಬಾಗಿಲು ತೆರೆದೇ.
ಎಪ್ಪತ್ತೊಂಬತ್ತು.
ಎಂಬತ್ತು.
ಮೋಟಾರಿನ ಸದ್ದು ತೆಳ್ಳಗಾಯಿತು,
ಸೇತುವೆಯ ಕೈಗೋಡೆಯ ಮೇಲೆ ನಡೆಯುವ ಹುಡುಗನ ಉಸಿರಿನ ಹಾಗೆ.
ಆಮೇಲೆ ತಟ್ಟೆ ತಾನಾಗಿ ಹೊರಗೆ ಬಂತು, ಬೆಚ್ಚಗೆ.

ನಮ್ಮ ಯಂತ್ರದಲ್ಲಿ ಕೊನೆಯ ತನಕ ಕೇಳಿಸಿತು.
ಕೊನೆಯ ಬಟ್ಟಲು ಬಾಗಿಲಿಗೆ:
ಬಂದವರನ್ನು ಎಣಿಸದ ಬಾಗಿಲಿಗೆ, ಅಂದ ವಲೇರಿಯಾನ.
ಒಂದು ಕೆಮ್ಮು. ಕುರ್ಚಿ ಸರಿದ ಸದ್ದು.

ಮಾರ್ಚಿನಲ್ಲಿ ಲಮಾರಾ ಮತ್ತೆ ಬಂದಳು, ಜಗಳಕ್ಕೆ.
ಅವಳ ಪ್ಲೇಯರಿನಲ್ಲಿ ಡಿಸ್ಕು ಬಾಗಿಲಿಗೆ ಎಂಬಲ್ಲಿ ಮುಗ್ಗರಿಸುತ್ತದೆ.
ಪೂರ್ತಿ ಬರುವುದು ಪಕ್ಕದ ಮನೆಯ ಗುಲಿಕೊಳ ಪ್ಲೇಯರಿನಲ್ಲಿ ಮಾತ್ರ.
ಗುಲಿಕೊಳ ಜೊತೆ ಮಾತು ಬಿಟ್ಟು ಆರು ವರ್ಷ.
"ಈಗ ವಾರಕ್ಕೆರಡು ಸಲ ಆ ಮಾರಿಯ ಕಾಫಿ ಕುಡೀಬೇಕು,
ನಿನ್ನಿಂದಾಗಿ."
ದುಡ್ಡು ವಾಪಸು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಅಳತೆ ಮೀರಿ ಹಿಡಿಯುತ್ತಾ ಎಂದು ಆಮೇಲೆ ಯಾರು ಕೇಳಿದರೂ
ನುಕ್ರಿಯ ಉತ್ತರ ಒಂದೇ:
ಹಿಡಿಯೋದು ಹಿಡಿಯುತ್ತೆ. ಕೇಳಿದಾಗ ಕೊಡುತ್ತಾ,
ಅದು ಬೇರೆ ಮಾತು.

ಕೆಟ್ಟ ಎರಡು ಡಿಸ್ಕನ್ನು ಅಂಗಳದ ದ್ರಾಕ್ಷಿ ಚಪ್ಪರಕ್ಕೆ ಕಟ್ಟಿದೆ.
ಹಕ್ಕಿಗಳು ಹೆದರಿದ್ದು ಮೊದಲ ವಾರ ಮಾತ್ರ.