ನಿಟ್ಟು

ಮಂಡಕ್ಕಿ ಕಟ್ಟಿಕೊಟ್ಟ ಹಳೇ ಪೇಪರು
ಎಣ್ಣೆ ಕುಡಿದು ಗಾಜಾಗಿತ್ತು.
ಅದರೊಳಗೊಂದು ಕಲ್ಲಿನ ಗುಡ್ಡ:
ನಾಲ್ಕೂ ಕಡೆ ಮೆಟ್ಟಿಲು, ನೆತ್ತಿಗೆ ಚೌಕದ ಗುಡಿ,
ಕೆಳಗೆ ಅರ್ಧ ಹರಿದ ಸಾಲು,
'ಮಾಯಾ ಜನರು ಕಟ್ಟಿದ...'

ಮಿರ್ಚಿ ಕಚ್ಚುತ್ತ ಬಗ್ಗಿ ನೋಡಿದ ಗಾದ್ರೆಪ್ಪ:
'ಮಾಯಾ ಅಂದ್ರೆ, ಸಾಮಿ, ನಮ್ಮ ಮಾಯಕೊಂಡದ ಕಡೇರಾ?'

ಅಲ್ಲವೋ ಮಾರಾಯ. ಎರಡು ಸಮುದ್ರದ ಆಚೆ.
ದಾವಣಗೆರೆ ಮಾರುಕಟ್ಟೆಯ ತೂಕದ ಗುಮಾಸ್ತನಿಗೆ
ಗೊತ್ತಿರುವಷ್ಟು ಹೇಳಿದೆ:
ಒಂದೊಂದು ಮಗ್ಗುಲಿಗೆ ತೊಂಬತ್ತೊಂದು ಮೆಟ್ಟಿಲು,
ಮೇಲಿನ ಜಗಲಿ ಸೇರಿದರೆ ವರ್ಷದ ಲೆಕ್ಕ ಚುಕ್ತಾ.
ಹಗಲೂ ಇರುಳೂ ಸಮ ತೂಗುವ ದಿನ
ಇಳಿಬಿಸಿಲಿಗೆ ನೆರಳು ಹಾವಾಗಿ
ಮೆಟ್ಟಿಲ ಅಂಚಿಗೆ ಮೈ ತಾಗಿಸಿ ಇಳಿಯುತ್ತದೆ.
ಜನ ಕೆಳಗೆ ನಿಂತು ಕಾಯುತ್ತಾರೆ.

ಅವನು ಹಾವು ಬಿಟ್ಟು ಮೆಟ್ಟಿಲು ಹಿಡಿದ.
'ಎಣಿಸಿದೋನು ಹಮಾಲನೇ ಇರಬೇಕು ಬಿಡ್ರಿ.
ಬರಿಗೈಲಿ ಹತ್ತೋರು ಎಣಿಸಲ್ಲ.'

ನಮ್ಮ ಶೆಡ್ಡಿನಲ್ಲೂ ಎದ್ದಿತ್ತು ಒಂದು,
ಬೆಳಗಿನಿಂದ ಒಟ್ಟಿದ ಮೆಕ್ಕೆಜೋಳದ ನಿಟ್ಟು.
ಚೀಲದ ಮೇಲೆ ಚೀಲ, ಒಳಸರಿದ ಸಾಲು,
ಬಾಗಿದ ಬೆನ್ನುಗಳೇ ಸವೆಸಿದ ಹಾದಿ,
ತಗಡಿಗೆ ತಲೆ ತಾಗುವಲ್ಲಿ
ಪಾರಿವಾಳಗಳ ಗರ್ಭಗುಡಿ.

ಇದೇ ಕಾಳು, ಎಂದೆ, ಅವರ ದೇವರು.
ಮೊದಲು ಮಣ್ಣಿನಿಂದ ಮಾಡಿದರಂತೆ ಮನುಷ್ಯನನ್ನು,
ಮಳೆಗೆ ಕರಗಿದ.
ಮರದಿಂದ ಕೆತ್ತಿದರೆ ನಡೆದ, ಉಂಡ,
ಮಾಡಿದವರ ನೆನಪೇ ಇಲ್ಲ.
ಕಡೆಗೆ ಈ ಹಿಟ್ಟು ಕಲಸಿದರು; ಅದಕ್ಕೆ ಕಣ್ಣೀರು ಬಂತು.

ಜರಡಿ ಆಡಿಸುತ್ತಿದ್ದ ಕೆಂಚಮ್ಮ ತಲೆ ಎತ್ತಲಿಲ್ಲ.
'ಹಂಗಾದ್ರೆ ನಮ್ಮನ್ನ ರಾಗಿಲಿ ಮಾಡಿರಬೇಕು.
ಇವನನ್ನ ಮಾತ್ರ ಮಂಡಕ್ಕೀಲಿ,
ಗಾಳಿ ಬಂದ್ರೆ ಸಾಕು, ಹಾರ್ತಾನೆ.'

ಕಾಟಾದಲ್ಲಿ ಕೆಂಪು ಸೊನ್ನೆ ಹೊತ್ತಿತು.
ಅದು ಹೊತ್ತದೆ ನನ್ನ ಕೆಲಸ ಶುರುವಾಗದು.
ಅವರ ಸೊನ್ನೆ ಒಂದು ಕಪ್ಪೆಚಿಪ್ಪು, ಮುಚ್ಚಿದ್ದು.
ಗಾದ್ರೆಪ್ಪನ ಅಜ್ಜ ಕಣದಲ್ಲಿ ಕೊಳಗ ಹಿಡಿದರೆ
'ಒಂದು' ಅಂದವನೇ ಅಲ್ಲ.
ಲಾಭ, ಎರಡು, ಮೂರು...
ರಾಶಿ ಮುಗಿಯುವ ತನಕ
ಯಾರೂ ಮಾತಾಡಬಾರದು, ಸೀನಬಾರದು.

ಮೂರರ ಹೊತ್ತಿಗೆ ಕೊಕ್ಕೆ ಜಾರಿ ಅವನ ಅಂಗೈ ಸೀಳಿತು.
ಕೈಗೆ ಸಿಕ್ಕಿದ್ದು ತೂಕದ ಚೀಟಿ, ಅದನ್ನೇ ಸುತ್ತಿದೆ.
ಅಲ್ಲಿ ಅರಸರು ನಾಲಗೆಗೆ ಮುಳ್ಳು ಚುಚ್ಚಿಕೊಂಡು
ರಕ್ತ ಹೀರಿದ ಕಾಗದ ಸುಡುತ್ತಿದ್ದರಂತೆ,
ಹೊಗೆಯಲ್ಲಿ ಹಿರಿಯರು ಕಾಣುತ್ತಿದ್ದರಂತೆ.
ಇದನ್ನು ಮಾತ್ರ ಹೇಳಲಿಲ್ಲ.
ಚೀಟಿ ಒದ್ದೆಯಾಯಿತು, ಅಂಕಿ ಅಳಿಸಿತು.
ಐವತ್ತೆಂಟೋ, ಐವತ್ತಾರೋ?
ಮತ್ತೆ ತೂಗಿದೆವು.

'ಆಮೇಲೆ ಏನಾದ್ರು, ಸಾಮಿ, ಆ ಜನ?'
ಮಾಯವಾದರು ಅಂತಾರೆ. ಊರೂರೇ ಬಿಟ್ಟರು,
ಕಟ್ಟಡದ ನೆತ್ತಿಯಲ್ಲಿ ಮರ ಬೇರು ಬಿಟ್ಟಿತು.
'ಕಾಳು ಇಲ್ಲೀತನಕ ಬಂದೈತೆ,
ಬಿತ್ತೋರು ಎಲ್ಲಿಗೆ ಹೋಗ್ತಾರೆ?'
ನಿಜ. ಅಲ್ಲೇ ಇದ್ದಾರೆ, ಈಗಲೂ ಬಿತ್ತುತ್ತಾರೆ.
ಹೇಳುವಷ್ಟರಲ್ಲಿ ಅವನು ಹಲಗೆ ಹತ್ತಿದ್ದ.

ಲಾರಿ ಬಂತು. ನೆತ್ತಿಯಿಂದಲೇ ಕಳಚಿದರು,
ಗುಡಿ ಮೊದಲು, ಆಮೇಲೆ ಜಗಲಿ, ಆಮೇಲೆ ಮೆಟ್ಟಿಲು.
ಪಾರಿವಾಳ ತೊಲೆಗೆ ಹೋದವು.
ಏಳಕ್ಕೆಲ್ಲ ಬರೀ ನೆಲ:
ಸುತ್ತ ಧೂಳು, ನಡುವೆ ಧೂಳು ಕೂರದ ಒಂದು ಚೌಕ,
ಅಳೆದು ಬರೆದಂತೆ.

ಕೆಂಚಮ್ಮ ಪೊರಕೆಯೊಂದಿಗೆ ಬಂದಳು,
ಅಂಚಿನಲ್ಲಿ ಚಪ್ಪಲಿ ಬಿಟ್ಟಳು.